ಪುಟ್ಟ ಕಾರಿಗೆ ಎಲ್ಲ ಕಾಲದ ಟೈರು

1989ರ ಫೆಬ್ರುವರಿ. ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಜಪಾನಿನ ಮಾಜ್ದಾ ಕಂಪನಿ ಎರಡೇ ಸೀಟಿನ, ಚಾವಣಿ ಮಡಚಿ ಹಿಂದಕ್ಕೆ ತಳ್ಳಬಹುದಾದ ಕಾರೊಂದನ್ನು ತಂದು ನಿಲ್ಲಿಸಿತು. ಹೆಸರು ಎಂಎಕ್ಸ್-5, ಅಮೆರಿಕನ್ನರ ಬಾಯಲ್ಲಿ ಮಿಯಾಟಾ. ಎಂಜಿನ್ ದೊಡ್ಡದಲ್ಲ, ವೇಗದಲ್ಲೂ ದಾಖಲೆಯೇನಿಲ್ಲ. ಆದರೆ ತೂಕ ಒಂದು ಟನ್ನಿನ ಆಸುಪಾಸು, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ, ಜೊತೆಗೆ ಹೇಳಿದ ಮಾತು ಕೇಳುವ ಸ್ಟೀರಿಂಗ್. ಜನ ಮೆಚ್ಚಿಕೊಂಡರು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಮಿಯಾಟಾ ಕಾರ್ಖಾನೆಯಿಂದ ಹೊರಬಂತು. ಚಾವಣಿ ತೆರೆಯಬಹುದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟ ಕಂಡದ್ದು ಇನ್ನೊಂದಿಲ್ಲ.

ಇಷ್ಟೊಂದು ಕಾರುಗಳು ಓಡಾಡುತ್ತಿರುವುದರಿಂದಲೇ ಅಮೆರಿಕ, ಕೆನಡಾಗಳಲ್ಲಿ ಹಳೆಯ ಮಿಯಾಟಾ ಕೈಗೆಟಕುವ ಬೆಲೆಗೆ ಸಿಗುತ್ತದೆ. ಓದು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಕೊಳ್ಳುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಅಪರಿಚಿತ ಕಾರಲ್ಲ. ಬೇಸಗೆಯಲ್ಲಿ ಇದರಷ್ಟು ಖುಷಿ ಕೊಡುವ ಗಾಡಿ ಕಡಿಮೆ. ನವೆಂಬರ್ ಬಂದು ರಸ್ತೆಯ ಮೇಲೆ ಮೊದಲ ಹಿಮ ಬಿದ್ದ ದಿನ ಹಿಂದಿನ ಚಕ್ರಗಳು ನಿಂತಲ್ಲೇ ಸುತ್ತತೊಡಗುತ್ತವೆ. ಬೇಸಗೆಗೊಂದು, ಚಳಿಗಾಲಕ್ಕೊಂದು ಎಂದು ಎರಡೆರಡು ಸೆಟ್ ಟೈರು ಕೊಳ್ಳಲು ಎಲ್ಲರಿಗೂ ಹಣವಿರುವುದಿಲ್ಲ, ಬಾಡಿಗೆ ಮನೆಯಲ್ಲಿ ಇಡಲು ಜಾಗವೂ ಇರುವುದಿಲ್ಲ. ವರ್ಷಪೂರ್ತಿ ಓಡುವ, ಜೇಬಿಗೆ ಭಾರವಾಗದ ಒಂದೇ ಸೆಟ್ ಸಿಗುವುದೇ? ಸಿಗುತ್ತದೆ. ಆದರೆ ಅಂಗಡಿಯವನು ತೋರಿಸಿದ್ದರಲ್ಲಿ ಅಗ್ಗದ್ದನ್ನು ಎತ್ತಿಕೊಂಡರೆ ಆಗದು. ಕಾರು ಎಂಥ ಚಳಿಯಲ್ಲಿ, ವರ್ಷಕ್ಕೆ ಎಷ್ಟು ದೂರ ಓಡುತ್ತದೆ ಎಂಬುದು ಮೊದಲು ಗೊತ್ತಿರಬೇಕು.

ಚಳಿಯಿಂದಲೇ ಶುರುಮಾಡೋಣ. ಟೈರಿನ ಜಗತ್ತಿನಲ್ಲಿ ಎಲ್ಲರೂ ಬಳಸುವ ಒಂದು ಅಂಕಿ ಇದೆ: 7 ಡಿಗ್ರಿ ಸೆಲ್ಸಿಯಸ್. ಬೇಸಗೆ ಟೈರಿನ ರಬ್ಬರು ಸುಮಾರಾಗಿ ಈ ಮಟ್ಟಕ್ಕಿಂತ ಕೆಳಗೆ ಬಿರುಸಾಗತೊಡಗುತ್ತದೆ. ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿಕೊಂಡು ಹಿಡಿಯಬೇಕಾದ ರಬ್ಬರು ಮೇಲಿನಿಂದಲೇ ಜಾರುತ್ತದೆ. ಹಿಮವೇ ಬೇಕಿಲ್ಲ, ಒಣ ರಸ್ತೆಯಲ್ಲೂ ಬ್ರೇಕು ಹಿಡಿಯುವ ದೂರ ಹೆಚ್ಚುತ್ತದೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅಂದರೆ ಬೆಂಗಳೂರಿನ ಕಾರುಗಳಿಗೆ ಈ ಪ್ರಶ್ನೆ ಎದುರಾದದ್ದೇ ಇಲ್ಲ. ಅಲ್ಲಿಂದ ಮಿನ್ನಿಯಾಪೊಲಿಸ್‌ಗೋ ಟೊರಾಂಟೋಗೋ ಹೋಗಿ ಇಳಿದವರಿಗೆ ಟೈರಿಗೂ ಋತುವಿದೆ ಎಂಬುದು ಹೊಸ ವಿಷಯವಾಗಿ ಕಂಡರೆ ಅದು ಸಹಜ.

ಅಪ್ಪಟ ಬೇಸಗೆ ಟೈರಿನ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸುಮಾರು ಮೈನಸ್ 7 ಡಿಗ್ರಿಗಿಂತ ಕೆಳಗೆ ಇಂಥ ಟೈರಿನ ಮೇಲೆ ಕಾರನ್ನು ಉರುಳಿಸಲೇಬೇಡಿ, ರಬ್ಬರು ಬಿರುಕು ಬಿಟ್ಟೀತು ಎಂದು ತಯಾರಕರೇ ಎಚ್ಚರಿಸುತ್ತಾರೆ. ಚಳಿಗಾಲ ಪೂರ್ತಿ ಮಿಯಾಟಾವನ್ನು ಗ್ಯಾರೇಜಿನಲ್ಲಿ ಮುಚ್ಚಿಡುವವರೂ ಈ ಮಾತನ್ನು ಗಮನಿಸಬೇಕು. ಜನವರಿಯಲ್ಲಿ ಒಮ್ಮೆ ಸುಮ್ಮನೆ ಹಿಂದೆ ಮುಂದೆ ಸರಿಸಿದರೂ ಪೆಟ್ಟು ಬೀಳಬಹುದು.

ಚಳಿಗೆ ಮದ್ದು ಹುಡುಕಿದವರು ಚಳಿಯ ನಾಡಿನವರೇ. ಫಿನ್ಲೆಂಡಿನ ನೋಕಿಯನ್ ಕಂಪನಿ 1934ರಲ್ಲಿ ಲಾರಿಗಳಿಗೆಂದು ಚಳಿಗಾಲದ ಟೈರು ತಯಾರಿಸಿತು, ಎರಡು ವರ್ಷದ ಮೇಲೆ ಕಾರಿಗೂ ಬಂತು. ಟೈರಿನ ಮೇಲ್ಮೈಯಲ್ಲಿ ಕಾಣುವ ಕೂದಲೆಳೆಯಂಥ ಸೀಳುಗಳಿಗೆ ಅಮೆರಿಕದ ಜಾನ್ ಸೈಪ್ ಎಂಬಾತ 1923ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದ. ಇಂದು ಹಿಮದ ಟೈರಿನ ಪ್ರತಿ ತುಂಡಿನಲ್ಲೂ ಆ ಸೀಳುಗಳಿವೆ. ರಸ್ತೆಗೆ ಒತ್ತಿದಾಗ ಅವು ಬಾಯಿ ತೆರೆದು ಹಿಮದ ಅಂಚನ್ನು ಕಚ್ಚುತ್ತವೆ. 1992ರಲ್ಲಿ ಮಿಶೆಲಿನ್ ರಬ್ಬರಿಗೆ ಇಂಗಾಲದ ಪುಡಿಯ ಬದಲು ಸಿಲಿಕಾ ಬೆರೆಸಿದ ಟೈರನ್ನು ಮಾರುಕಟ್ಟೆಗೆ ತಂದಿತು. ಒದ್ದೆ ರಸ್ತೆಯ ಹಿಡಿತವನ್ನು ಬಿಟ್ಟುಕೊಡದೆ ಉರುಳುವಾಗಿನ ತಡೆಯನ್ನು ತಗ್ಗಿಸಲು ಇದರಿಂದ ದಾರಿಯಾಯಿತು. ಚಳಿಯಲ್ಲಿ ಮೆತ್ತಗೆ, ಸೆಕೆಯಲ್ಲಿ ಗಟ್ಟಿಯಾಗಿ ಉಳಿಯುವ ಈಗಿನ ಟೈರುಗಳ ಹಿಂದೆಯೂ ಸಿಲಿಕಾದ ಪಾಲು ದೊಡ್ಡದು.

ಇಲ್ಲಿ ಕೊಳ್ಳುವವರು ಎಡವುವ ಜಾಗವೊಂದಿದೆ. 1977ರಲ್ಲಿ ಗುಡ್‌ಇಯರ್ ‘ಟಿಯೆಂಪೊ’ ಎಂಬ ಟೈರನ್ನು ತಂದಾಗಿನಿಂದ ಅಮೆರಿಕದಲ್ಲಿ ‘ಆಲ್-ಸೀಸನ್’ ಎಂಬ ಮಾತು ಮನೆಮಾತಾಯಿತು. ಅಲ್ಲಿನ ಬಹುಪಾಲು ಹೊಸ ಕಾರುಗಳು ಇಂಥ ಟೈರಿನ ಮೇಲೇ ಶೋರೂಮಿನಿಂದ ಹೊರಬೀಳುತ್ತವೆ. ಆ ಟೈರಿನ ಬದಿಯಲ್ಲಿ ‘ಎಂ ಪ್ಲಸ್ ಎಸ್’ ಎಂದು ಅಚ್ಚಾಗಿರುತ್ತದೆ. ಕೆಸರು ಮತ್ತು ಹಿಮಕ್ಕೆ ಆಗುತ್ತದೆ ಎಂದು ಅದರ ಅರ್ಥ. ಆದರೆ ಆ ಗುರುತಿಗೆ ಹಿಮದ ಮೇಲೆ ಪರೀಕ್ಷೆಯೇ ಬೇಕಿಲ್ಲ. ಮೇಲ್ಮೈಯ ಕಾಲು ಭಾಗದಷ್ಟು ಚಡಿಗಳಿರಬೇಕು, ಅವು ಇಂಥಿಂಥ ಆಕಾರದಲ್ಲಿರಬೇಕು ಎಂಬಷ್ಟೇ ನಿಯಮ. ‘ಆಲ್-ವೆದರ್’ ಎಂದು ಮಾರುವ ಟೈರು ಬೇರೆ ಜಾತಿಯದು. ಅದರ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಬೆಟ್ಟದೊಳಗೆ ಒಂದು ಹಿಮದ ಹರಳಿನ ಚಿತ್ರವಿರುತ್ತದೆ. 1999ರಲ್ಲಿ ಅಮೆರಿಕ, ಕೆನಡಾದ ಟೈರು ಉದ್ಯಮದವರು ಸೇರಿ ತಂದ ಗುರುತು ಇದು. ಗಟ್ಟಿಯಾಗಿ ತುಳಿದ ಹಿಮದ ಮೇಲೆ, ಮಾನದಂಡವಾಗಿ ಇಟ್ಟುಕೊಂಡ ಟೈರಿಗಿಂತ ಕನಿಷ್ಠ ಶೇ 10ರಷ್ಟು ಹೆಚ್ಚು ಎಳೆತ ತೋರಿಸಿದರೆ ಮಾತ್ರ ಈ ಬೆಟ್ಟದ ಚಿತ್ರ ಒತ್ತಬಹುದು.

ಆ ಪರೀಕ್ಷೆಗೂ ಮಿತಿಯಿದೆ. ಅಮೆರಿಕದ ಕ್ರಮದಲ್ಲಿ ಅಳೆಯುವುದು ಹಿಮದ ಮೇಲೆ ಮುಂದಕ್ಕೆ ಹೋಗುವ ಶಕ್ತಿಯನ್ನು ಮಾತ್ರ. ಬ್ರೇಕು ಹಾಕಿದರೆ ಎಲ್ಲಿ ನಿಲ್ಲುತ್ತದೆ, ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ, ಗಾಜಿನಂತೆ ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೆ ಏನಾಗುತ್ತದೆ ಎಂಬುದನ್ನು ಆ ಬೆಟ್ಟ ಹೇಳುವುದಿಲ್ಲ. ಆದರೂ ಸರ್ಕಾರಗಳು ಈಗ ನಂಬುತ್ತಿರುವುದು ಇದೇ ಗುರುತನ್ನು. ಕೆನಡಾದ ಕ್ಯುಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬೆಟ್ಟದ ಗುರುತಿನ ಟೈರು ಕಡ್ಡಾಯ. ಜರ್ಮನಿಯಲ್ಲಿ ಹಿಮ ಬಿದ್ದಾಗ ಬರಿಯ ‘ಎಂ ಪ್ಲಸ್ ಎಸ್’ ಟೈರಿನಲ್ಲಿ ಓಡಿಸುವುದಕ್ಕೆ ಇದ್ದ ರಿಯಾಯಿತಿ 2024ರ ಸೆಪ್ಟೆಂಬರಿಗೆ ಮುಗಿಯಿತು. ಅಮೆರಿಕದ ಕೊಲರಾಡೊದಲ್ಲಿ ರಾಕಿ ಪರ್ವತ ಹತ್ತುವ ಹೆದ್ದಾರಿ 70ರ ಮೇಲೆ ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ ತಕ್ಕ ಟೈರು, ಅದರಲ್ಲೂ ಹೆಚ್ಚುಕಡಿಮೆ 5 ಮಿ.ಮೀ. ಆಳದ ಚಡಿ ಉಳಿದಿರಬೇಕು. ಇಲ್ಲವೇ ಸರಪಳಿ ಜೊತೆಗಿರಬೇಕು. ಒಂದೇ ಸೆಟ್ಟಿನಲ್ಲಿ ವರ್ಷ ಕಳೆಯಬೇಕೆನ್ನುವವರು ಬೆಟ್ಟದ ಚಿತ್ರವಿಲ್ಲದ ಟೈರನ್ನು ಕೊಳ್ಳಲೇಬಾರದು.

ಇಷ್ಟು ಮಾತು ಯಾವ ಕಾರಿಗಾದರೂ ಸಲ್ಲುತ್ತದೆ. ಹಗುರ ಸ್ಪೋರ್ಟ್ಸ್ ಕಾರಿನ ಕತೆ ಇನ್ನೂ ಸ್ವಲ್ಪ ಬೇರೆ.

2015ರಿಂದ ಬರುತ್ತಿರುವ ನಾಲ್ಕನೆಯ ತಲೆಮಾರಿನ ಮಿಯಾಟಾ ಸುಮಾರು 1,060 ಕಿಲೊ ತೂಗುತ್ತದೆ. ಓಡಿಸುವವರನ್ನು ಸೇರಿಸಿದರೆ ಒಂದು ಚಕ್ರದ ಮೇಲೆ ಬೀಳುವುದು 285 ಕಿಲೊದಷ್ಟು ಭಾರ. ಕಂಪನಿ ಹೇಳುವ ಗಾಳಿಯ ಒತ್ತಡ 29 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಎರಡು ಕಿಲೊಗಿಂತ ಒಂದಿಷ್ಟು ಹೆಚ್ಚು. ಭಾಗಿಸಿ ನೋಡಿದರೆ ಒಂದು ಟೈರು ನೆಲಕ್ಕೆ ತಾಗುವ ಜಾಗ 140 ಚದರ ಸೆಂಟಿಮೀಟರ್, ಬೆರಳೂ ಸೇರಿ ಒಂದು ಅಂಗೈಯಷ್ಟು. ಇಂಥ ನಾಲ್ಕು ತುಂಡುಗಳ ಮೇಲೆ ಕಾರು ನಿಂತಿದೆ. ಟೈರನ್ನು ಅಗಲ ಮಾಡಿದರೆ ಈ ಜಾಗ ಹೆಚ್ಚುವುದಿಲ್ಲ, ಅಡ್ಡಕ್ಕೆ ಹರಡಿಕೊಂಡು ಉದ್ದದಲ್ಲಿ ಕಿರಿದಾಗುತ್ತದೆ ಅಷ್ಟೆ. ಒಣ ರಸ್ತೆಯ ತಿರುವಿನಲ್ಲಿ ಅದು ಒಳ್ಳೆಯದು. ನೀರಿನಲ್ಲಿ, ಹಿಮದಲ್ಲಿ ಕೆಟ್ಟದ್ದು: ಅಗಲ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ, ಹಿಮವನ್ನು ಸೀಳುವ ಬದಲು ಅದರ ಮೇಲೆ ಹತ್ತಿ ಕೂರುತ್ತದೆ.

ನೀರಿನ ಮೇಲೆ ಟೈರು ತೇಲುವ ವೇಗವನ್ನು ಗುಣಿಸುವ ಸೂತ್ರವೊಂದನ್ನು ನಾಸಾ 1960ರ ದಶಕದಲ್ಲಿ ವಿಮಾನದ ಚಕ್ರಗಳನ್ನು ಪರೀಕ್ಷಿಸಿ ಕೊಟ್ಟಿತು. ಗಾಳಿಯ ಒತ್ತಡದ ವರ್ಗಮೂಲಕ್ಕೆ ಸರಿಯಾಗಿ ಆ ವೇಗ ಏರುತ್ತದೆ. ಮಿಯಾಟಾದ 29 ಪಿಎಸ್‌ಐ ಹಾಕಿ ಲೆಕ್ಕ ಮಾಡಿದರೆ ಗಂಟೆಗೆ 90 ಕಿಲೋಮೀಟರ್ ಬರುತ್ತದೆ. ಚಡಿ ಆಳವಾಗಿದ್ದಷ್ಟು ದಿನ ನೀರಿಗೆ ಹೋಗಲು ದಾರಿಯಿರುತ್ತದೆ, ಅಪಾಯ ದೂರ. ಚಡಿ ಸವೆದು ಟೈರು ಬೋಳಾಯಿತೆಂದರೆ ಜಡಿಮಳೆಯ ಹೆದ್ದಾರಿಯಲ್ಲಿ ಈ ಅಂಕಿ ನಿಜವಾಗತೊಡಗುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತದೆ. ಹೊಸ ಟೈರಿನ ಚಡಿ ಸುಮಾರು 8 ಮಿ.ಮೀ. ಆಳ, ಕಾನೂನು ಒಪ್ಪುವ ಕೊನೆಯ ಅಳತೆ 1.6 ಮಿ.ಮೀ. ಅಷ್ಟರವರೆಗೆ ಕಾಯುವುದು ಜಾಣತನವಲ್ಲ. ಆಸ್ಟ್ರಿಯಾದಲ್ಲಿ ಚಳಿಗಾಲದ ಟೈರಿಗೆ 4 ಮಿ.ಮೀ. ಇರಲೇಬೇಕೆಂಬ ಕಾನೂನಿದೆ. ಮಿಯಾಟಾದಂಥ ಹಗುರ ಕಾರಿನವರು ಅದನ್ನೇ ತಮ್ಮ ನಿಯಮ ಮಾಡಿಕೊಳ್ಳುವುದು ಕ್ಷೇಮ.

ಬೆಟ್ಟದ ಗುರುತಿನ ಎಲ್ಲ ಕಾಲದ ಟೈರು ಹಾಕಿದರೆ ಕಾರಿನ ಚುರುಕುತನ ಹೋಗುವುದಿಲ್ಲವೇ ಎಂಬುದು ಮಿಯಾಟಾ ಪ್ರಿಯರ ಮೊದಲ ಆತಂಕ. ಸ್ವಲ್ಪ ಹೋಗುತ್ತದೆ. ಆಳದ ಚಡಿ, ತುಂಬ ಸೀಳುಗಳಿರುವ ಟೈರಿನ ರಬ್ಬರು ತುಂಡುಗಳು ತಿರುವಿನಲ್ಲಿ ಓಲಾಡುತ್ತವೆ, ಸ್ಟೀರಿಂಗ್ ತಿರುಗಿಸಿದ್ದಕ್ಕೆ ಕಾರು ಉತ್ತರ ಕೊಡುವುದು ಒಂದು ಕ್ಷಣ ತಡವಾಗುತ್ತದೆ. ಜುಲೈ ಬಿಸಿಲಲ್ಲಿ ರೇಸಿನ ಟ್ರ್ಯಾಕಿಗೆ ಒಯ್ದು ಓಡಿಸಿದರೆ ರಬ್ಬರು ಬೇಗ ಕಾದು ಕಿತ್ತುಬರುತ್ತದೆ. ಟ್ರ್ಯಾಕಿನ ಚಟವಿರುವವರಿಗೆ ಇದು ಹೇಳಿದ್ದಲ್ಲ. ಆದರೆ ಊರ ರಸ್ತೆಯಲ್ಲಿ, ಘಟ್ಟದ ತಿರುವುಗಳಲ್ಲಿ ಓಡಿಸುವ ಸಂತೋಷಕ್ಕೆ ಅಂಟಿನಂಥ ಹಿಡಿತವೇ ಬೇಕೆಂದೇನಿಲ್ಲ. 2012ರಲ್ಲಿ ಬಂದ ಟೊಯೋಟಾ 86 ಎಂಬ ಸ್ಪೋರ್ಟ್ಸ್ ಕಾರಿಗೆ ಕಂಪನಿ ಬೇಕೆಂದೇ ಮಿಶೆಲಿನ್ ಪ್ರೈಮಸಿ ಎಂಬ ಸಾಧಾರಣ ಹಿಡಿತದ, 215 ಮಿ.ಮೀ. ಅಗಲದ ಟೈರು ಹಾಕಿತು. ಪ್ರಿಯಸ್ ಎಂಬ ಸಂಸಾರಸ್ಥ ಹೈಬ್ರಿಡ್ ಕಾರಿಗೂ ಅದೇ ಟೈರು ಬರುತ್ತಿತ್ತು. ಕಡಿಮೆ ವೇಗದಲ್ಲೇ ಕಾರಿನ ನಡೆ ಚಾಲಕನ ಕೈಗೆ ತಿಳಿಯಲಿ ಎಂಬುದು ಎಂಜಿನಿಯರುಗಳ ಎಣಿಕೆ. ಆ ಕಾರನ್ನು ಮೆಚ್ಚಿಕೊಂಡವರು ಆ ಗುಣವನ್ನೇ ಮೆಚ್ಚಿಕೊಂಡರು.

ಹಣ ಉಳಿಸುವ ದಾರಿ ಬ್ರ್ಯಾಂಡಿಗಿಂತ ಮೊದಲು ಅಳತೆಯಲ್ಲಿ ಸಿಗುತ್ತದೆ. ನಾಲ್ಕನೆಯ ತಲೆಮಾರಿನ ಮಿಯಾಟಾದ ದುಬಾರಿ ಮಾದರಿಗಳ ಟೈರಿನ ಬದಿಯಲ್ಲಿ ‘205/45 ಆರ್ 17 84 ಡಬ್ಲ್ಯೂ’ ಎಂದಿರುತ್ತದೆ. ಅಗಲ 205 ಮಿ.ಮೀ.; ಟೈರಿನ ಬದಿಯ ಎತ್ತರ ಆ ಅಗಲದ ಶೇ 45; ರಿಮ್ಮು 17 ಇಂಚು. 84 ಎಂದರೆ ಒಂದು ಟೈರು 500 ಕಿಲೊ ಹೊರಬಲ್ಲದು, ಡಬ್ಲ್ಯೂ ಎಂದರೆ ಗಂಟೆಗೆ 270 ಕಿ.ಮೀ. ತಾಳಬಲ್ಲದು. ಅದೇ ಕಾರಿನ ಅಗ್ಗದ ಮಾದರಿಗೆ ಮಾಜ್ದಾ ಕೊಡುವುದು 195/50 ಆರ್ 16. ರಿಮ್ಮು ಒಂದು ಇಂಚು ಚಿಕ್ಕದು, ಟೈರು 10 ಮಿ.ಮೀ. ಕಿರಿದು, ಬದಿಯ ರಬ್ಬರು ಐದು ಮಿ.ಮೀ. ಎತ್ತರ. ಹೀಗೆ ಚಿಕ್ಕ ರಿಮ್ಮಿಗೆ ಇಳಿದರೆ ಸಾಮಾನ್ಯವಾಗಿ ಟೈರಿನ ಬೆಲೆ ಇಳಿಯುತ್ತದೆ, ಹಿಮದಲ್ಲಿ ಹಿಡಿತ ಹೆಚ್ಚುತ್ತದೆ, ಹಿಮ ಕರಗಿದ ಮೇಲೆ ಬಾಯ್ದೆರೆಯುವ ಗುಂಡಿಗಳಿಂದ ರಿಮ್ಮಿಗೂ ರಕ್ಷೆ.

ಹಳೆಯ ಮಿಯಾಟಾದವರಿಗೆ ಲೆಕ್ಕ ಇನ್ನೂ ಚೆನ್ನಾಗಿ ಹೊಂದುತ್ತದೆ. ಮೊದಲ ತಲೆಮಾರಿನ ಕಾರಿಗೆ 185/60 ಆರ್ 14, ಎರಡನೆಯದಕ್ಕೆ 195/50 ಆರ್ 15. ಅಳತೆಯ ಅಂಕಿಗಳು ಬೇರೆಬೇರೆ ಕಂಡರೂ ಗುಣಿಸಿ ಕೂಡಿದರೆ ಮೊದಲನೆಯ ಟೈರಿನ ಒಟ್ಟು ಎತ್ತರ 577.6 ಮಿ.ಮೀ., ಎರಡನೆಯದು 576. ವ್ಯತ್ಯಾಸ ಎರಡು ಮಿ.ಮೀ. ಕೂಡ ಇಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಈ ಸಣ್ಣ ಅಳತೆಗಳಲ್ಲಿ ಬೆಟ್ಟದ ಗುರುತಿನ ಟೈರು ಹುಡುಕುವಾಗ ಆಯ್ಕೆ ಕಡಿಮೆ, ಏಕೆಂದರೆ ಕಂಪನಿಗಳ ಕಣ್ಣು ಈಗ ಎಸ್‌ಯುವಿಗಳ ದೊಡ್ಡ ಚಕ್ರದ ಮೇಲಿದೆ. ಕಾರಿಗೆ ಒಪ್ಪುವ ಎರಡು ಮೂರು ಅಳತೆಗಳನ್ನು ಮೊದಲೇ ಬರೆದಿಟ್ಟುಕೊಂಡು ಅಂಗಡಿಗೆ ಹೋದರೆ, ಸಿಕ್ಕಿದ ಬೆಲೆಗೆ ತಲೆಯಾಡಿಸುವ ಪರಿಸ್ಥಿತಿ ಬರುವುದಿಲ್ಲ. ಭಾರದ ಅಂಕಿ ಮಾತ್ರ ಕಾರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವುದಕ್ಕಿಂತ ಕಡಿಮೆಯಾಗಬಾರದು. ಅನಗತ್ಯವಾಗಿ ಹೆಚ್ಚೂ ಬೇಡ: ದೊಡ್ಡ ಭಾರಕ್ಕೆಂದು ಬಿಗಿಯಾಗಿ ಕಟ್ಟಿದ ಟೈರು ಹಗುರ ಕಾರಿನಲ್ಲಿ ಬೆನ್ನಿಗೆ ಬಡಿಯುತ್ತದೆ.

ಇನ್ನು ಗ್ಯಾರಂಟಿಯ ಮಾತು. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2, ಜನರಲ್ ಕಂಪನಿಯ ಆಲ್ಟಿಮ್ಯಾಕ್ಸ್ 365 ಎಡಬ್ಲ್ಯೂ ಟೈರುಗಳಿಗೆ ಅಮೆರಿಕದಲ್ಲಿ 60,000 ಮೈಲಿಯ ಭರವಸೆಯಿದೆ, ಬ್ರಿಜ್‌ಸ್ಟೋನ್ ವೆದರ್‌ಪೀಕ್‌ಗೆ 70,000. ಕೇಳಲು ಚೆನ್ನ. ಆದರೆ ಶನಿವಾರ ಭಾನುವಾರ ಹೊರತೆಗೆಯುವ ಕಾರು ವರ್ಷಕ್ಕೆ 5,000 ಮೈಲಿ ಓಡಿದರೆ 60,000 ಆಗಲು 12 ವರ್ಷ ಬೇಕು. ಅಷ್ಟು ಕಾಲ ರಬ್ಬರು ಬದುಕುವುದಿಲ್ಲ. ಐದು ವರ್ಷ ಕಳೆದ ಮೇಲೆ ಪ್ರತಿವರ್ಷ ತಜ್ಞರಿಗೆ ತೋರಿಸಿ, ಹತ್ತು ತುಂಬಿದರೆ ಚಡಿ ಎಷ್ಟೇ ಇದ್ದರೂ ತೆಗೆದುಹಾಕಿ ಎಂಬುದು ಮಿಶೆಲಿನ್‌ನದೇ ಸಲಹೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಬಹುದು: ಒಂದು ಟೈರು 180 ಡಾಲರಿನದು, 60,000 ಮೈಲಿ ಬಾಳುತ್ತದೆ; ಇನ್ನೊಂದು 120 ಡಾಲರಿನದು, 40,000 ಬಾಳುತ್ತದೆ. ವಾರಾಂತ್ಯದ ಕಾರಿನಲ್ಲಿ ಎರಡೂ ಎಂಟು ಹತ್ತು ವರ್ಷಕ್ಕೆ ಮುದಿಯಾಗಿ ಕಸಕ್ಕೆ ಹೋಗುತ್ತವೆ. ಅಗ್ಗದ್ದನ್ನು ಕೊಂಡವರಿಗೆ ನಾಲ್ಕು ಟೈರಿಗೆ 240 ಡಾಲರ್ ಉಳಿತಾಯ. ದಿನವೂ ಕಚೇರಿಗೆ ಓಡಿಸಿ ವರ್ಷಕ್ಕೆ 15,000 ಮೈಲಿ ಮುಗಿಸುವವರಿಗೆ ಸಾವಿರ ಮೈಲಿಗೆ ಎರಡೂ ಮೂರು ಡಾಲರೇ ಬೀಳುತ್ತದೆ. ಆದರೆ ಅಗ್ಗದ ಟೈರು ಬೇಗ ಬದಲಾಗಬೇಕು, ಪ್ರತಿ ಸಲವೂ ಬಿಚ್ಚುವ, ಕೂರಿಸುವ, ಬ್ಯಾಲೆನ್ಸ್ ಮಾಡುವ ಕೂಲಿ ಬೇರೆ. ಅಂಥವರಿಗೆ ದುಬಾರಿಯದೇ ಅಗ್ಗ.

ಇದೇ ಕಾರಣಕ್ಕೆ ಟೈರು ಹುಟ್ಟಿದ ದಿನಾಂಕ ನೋಡದೆ ಹಣ ಕೊಡಬಾರದು. ಬದಿಯಲ್ಲಿ ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳೇ ಜಾತಕ: 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಕೇಳುವವರಿಲ್ಲದ ಸಣ್ಣ ಅಳತೆಯ ಟೈರುಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುವ ಸಾಧ್ಯತೆ ಹೆಚ್ಚು. ವಾರಾಂತ್ಯದ ಕಾರಿಗೆ ಮೂರು ವರ್ಷ ಹಳೆಯ ‘ಹೊಸ’ ಟೈರು ಕೊಂಡರೆ ಅದರ ಆಯುಷ್ಯದಲ್ಲಿ ಮೂರು ವರ್ಷವನ್ನು ಅಂಗಡಿಗೇ ಬಿಟ್ಟುಕೊಟ್ಟಂತೆ.

ಅಗ್ಗ ಎಂದರೆ ಹೆಸರೇ ಕೇಳದ ಟೈರು ಎಂದಲ್ಲ. ದೊಡ್ಡ ಕಂಪನಿಗಳ ಎರಡನೆಯ ಸಾಲಿನ ಬ್ರ್ಯಾಂಡುಗಳಲ್ಲೇ ನಿಜವಾದ ಲಾಭವಿದೆ. ಜನರಲ್ 1987ರಿಂದ ಜರ್ಮನಿಯ ಕಾಂಟಿನೆಂಟಲ್‌ನ ಕೈಯಲ್ಲಿದೆ. ಕೂಪರನ್ನು 2021ರಲ್ಲಿ ಗುಡ್‌ಇಯರ್ ಕೊಂಡಿತು. ನಮಗೆ ಇನ್ನೂ ಹತ್ತಿರದ ಹೆಸರೊಂದಿದೆ. ಎಲ್ಲ ಕಾಲದ ಕ್ವಾಟ್ರಾಕ್ ಟೈರಿಗೆ ಹೆಸರಾದ ನೆದರ್ಲೆಂಡ್ಸಿನ ವ್ರೆಡೆಸ್ಟೈನ್ ಕಂಪನಿಯನ್ನು 2009ರಲ್ಲಿ ಕೊಂಡದ್ದು ಭಾರತದ ಅಪೋಲೊ ಟೈರ್ಸ್. ಕೇರಳದ ಪೇರಾಂಬ್ರದಲ್ಲಿ ಮೊದಲ ಕಾರ್ಖಾನೆ ತೆರೆದ ಕಂಪನಿಯ ಒಡೆತನದ ಟೈರು ಇಂದು ಅಮೆರಿಕ, ಯುರೋಪಿನ ಹಿಮದಲ್ಲಿ ಓಡುತ್ತಿದೆ.

ಉಳಿತಾಯ ಮಾಡಲೇಬಾರದ ಒಂದು ಗುಣವಿದೆ, ಒದ್ದೆ ರಸ್ತೆಯ ಬ್ರೇಕು. ವರ್ಷದಲ್ಲಿ ಹಿಮದ ದಿನಗಳು ಬೆರಳೆಣಿಕೆಯಷ್ಟಿರುವ ಊರುಗಳಲ್ಲೂ ಮಳೆ ತಿಂಗಳುಗಟ್ಟಲೆ ಸುರಿಯುತ್ತದೆ. ಯುರೋಪಿನಲ್ಲಿ ಟೈರಿನ ಲೇಬಲ್ ಮೇಲೆ ಒದ್ದೆ ಹಿಡಿತಕ್ಕೆ ಎ ಇಂದ ಇ ವರೆಗೆ ದರ್ಜೆ ಅಚ್ಚಾಗಿರುತ್ತದೆ. ಎ ಅಥವಾ ಬಿ ಇರುವುದನ್ನೇ ಆರಿಸುವುದು ಸುಲಭದ ದಾರಿ. ಅಮೆರಿಕದಲ್ಲಿ ಬದಿಯ ಮೇಲಿರುವ ಎಎ, ಎ, ಬಿ, ಸಿ ಎಂಬ ಟ್ರಾಕ್ಷನ್ ದರ್ಜೆಯೂ ಒದ್ದೆ ರಸ್ತೆಯದೇ, ಆದರೆ ನೇರ ಓಟದ ಬ್ರೇಕಿಗೆ ಮಾತ್ರ. ಅದರ ಪಕ್ಕದ ಸವೆತದ ಅಂಕಿಯನ್ನು ಕೊಡುವವರು ತಯಾರಕರೇ. ಒಂದೇ ಕಂಪನಿಯ ಎರಡು ಟೈರು ಹೋಲಿಸಲು ಅದು ಸರಿ. ಬೇರೆ ಬೇರೆ ಕಂಪನಿಗಳ ನಡುವೆ ಅದನ್ನಿಟ್ಟು ತೂಗಿದರೆ ದಾರಿ ತಪ್ಪುತ್ತದೆ. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ನಡೆಸುವಂಥ ಸ್ವತಂತ್ರ ಪರೀಕ್ಷೆಗಳ ಫಲಿತಾಂಶ ಇಂಥಲ್ಲಿ ಹೆಚ್ಚು ನಂಬಿಕೆಗೆ ಅರ್ಹ.

ಡಿಸೆಂಬರಿನಿಂದ ಮಾರ್ಚಿನವರೆಗೆ ರಸ್ತೆಯ ಮೇಲೆ ಹಿಮ ಕರಗದೇ ಉಳಿಯುವ ಊರಾದರೆ, ಗುಡ್ಡ ಹತ್ತಿಳಿದು ಕೆಲಸಕ್ಕೆ ಹೋಗಬೇಕಾದರೆ, ಎಲ್ಲ ಕಾಲದ ಟೈರಿನ ಆಸೆ ಬಿಡುವುದೇ ಸರಿ. ಅಲ್ಲಿ 16 ಇಂಚಿನ ಹಳೆಯ ರಿಮ್ಮುಗಳ ಮೇಲೆ ಅಪ್ಪಟ ಚಳಿಗಾಲದ ಟೈರು ಕೂರಿಸಿಟ್ಟುಕೊಳ್ಳಬೇಕು. ಎರಡು ಸೆಟ್ಟುಗಳು ಅರ್ಧರ್ಧ ವರ್ಷ ಸವೆಯುವುದರಿಂದ ಟೈರಿನ ಖರ್ಚು ಕಾಲಾಂತರದಲ್ಲಿ ಬಹುಪಾಲು ಸರಿಹೋಗುತ್ತದೆ, ಹೆಚ್ಚುವರಿ ಬೀಳುವುದು ರಿಮ್ಮಿನ ಹಣ. ನೆಲಕ್ಕಂಟಿದಂತಿರುವ ಈ ಕಾರಿನ ಹೊಟ್ಟೆಗೆ ಹಿಮ ತಾಗುವಷ್ಟು ಬಿದ್ದ ದಿನ ಮಾತ್ರ ಯಾವ ಟೈರೂ ಕಾಪಾಡುವುದಿಲ್ಲ. ಅಂದು ಬಸ್ಸು ಹತ್ತುವುದೇ ಮೇಲು.

ಕೊಂಡಾಯಿತು ಎಂದಿಟ್ಟುಕೊಳ್ಳೋಣ. ನಾಲ್ಕೂ ಒಂದೇ ಮಾದರಿಯವಾಗಿರಬೇಕು. ಹಿಂದಿನ ಚಕ್ರಗಳು ಓಡಿಸುವ ಕಾರಲ್ಲವೇ ಎಂದು ಎರಡನ್ನೇ ಬದಲಿಸಿದರೆ ಮುಂದಿನವು ಹಿಮದಲ್ಲಿ ತಿರುಗಲು ಒಪ್ಪುವುದಿಲ್ಲ. ಕ್ರಾಸ್‌ಕ್ಲೈಮೇಟ್ 2ರಂತೆ ಬಾಣದಾಕಾರದ ಚಡಿಗಳಿರುವ ಟೈರು ಒಂದೇ ದಿಕ್ಕಿಗೆ ಉರುಳಬೇಕಾದ್ದು. ಬದಿಯ ಬಾಣದ ಗುರುತು ನೋಡಿ ಕೂರಿಸಬೇಕು, ಸರದಿ ಬದಲಿಸುವಾಗ ಮುಂದಿನದನ್ನು ಅದೇ ಪಕ್ಕದಲ್ಲಿ ಹಿಂದಕ್ಕೆ ಹಾಕಬೇಕು, ಎಡಬಲ ಅದಲುಬದಲು ಮಾಡುವಂತಿಲ್ಲ.

ಗಾಳಿಯ ವಿಷಯದಲ್ಲಿ ಕಾರಿನ ಎಚ್ಚರಿಕೆ ದೀಪವನ್ನು ನಂಬಿ ಕೂರಬಾರದು. ಉಷ್ಣಾಂಶ ಐದೂವರೆ ಡಿಗ್ರಿ ಇಳಿದಾಗಲೆಲ್ಲ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರಿನಲ್ಲಿ 20 ಡಿಗ್ರಿಯಿದ್ದಾಗ 29 ತುಂಬಿಸಿದ್ದು ಜನವರಿಯ ಮೈನಸ್ 10ರ ಬೆಳಗ್ಗೆ 24ರ ಆಸುಪಾಸಿಗೆ ಬಂದಿರುತ್ತದೆ, ಎಲ್ಲೂ ತೂತಿಲ್ಲದೆಯೇ. ಅಮೆರಿಕದ ನಿಯಮದ ಪ್ರಕಾರ ದೀಪ ಹೊತ್ತಿಕೊಳ್ಳಬೇಕಾದ್ದು ಒತ್ತಡ ಶೇ 25ರಷ್ಟು ಕುಸಿದಾಗ, ಅಂದರೆ 22ಕ್ಕೆ ಇಳಿದ ಮೇಲೆ. 24ರಲ್ಲಿ ಓಡುತ್ತಿರುವ ಕಾರಿನ ದೀಪ ಸುಮ್ಮನೇ ಇರುತ್ತದೆ, ಟೈರಿನ ಅಂಚುಗಳು ಮಾತ್ರ ಸವೆಯುತ್ತಿರುತ್ತವೆ, ನೀರಿನ ಮೇಲೆ ತೇಲುವ ವೇಗವೂ ಇಳಿದಿರುತ್ತದೆ. 2008ಕ್ಕಿಂತ ಹಳೆಯ ಕಾರುಗಳಲ್ಲಿ ಈ ದೀಪ ಕಡ್ಡಾಯವೂ ಆಗಿರಲಿಲ್ಲ. ಚಳಿಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಬೆಳಗ್ಗೆ ಕಾರು ತೆಗೆಯುವ ಮೊದಲೇ, ಟೈರು ತಣ್ಣಗಿರುವಾಗ ಗೇಜು ಹಿಡಿದು ನೋಡಿ, ಬಾಗಿಲ ಚೌಕಟ್ಟಿನ ಚೀಟಿ ಹೇಳುವಷ್ಟು ಗಾಳಿ ತುಂಬಿಸಬೇಕು. ಟೈರಿನ ಬದಿಯ ಮೇಲೆ ಅಚ್ಚಾಗಿರುವ ದೊಡ್ಡ ಅಂಕಿ ಅದು ತಾಳಬಲ್ಲ ಗರಿಷ್ಠ ಒತ್ತಡ. ಅದನ್ನು ನೋಡಿ ತುಂಬಿಸುವುದಲ್ಲ.